ನಾಲ್ಕನೇ ಲೈನಿನ ಬಾತುಕೋಳಿ

"ನಿನ್ ಹೊಟ್ಟೆ ಒಳಗೆ ಕಣ್ವ ಡ್ಯಾಮ್ ಕಟ್ಟವ್ರೇನಮ್ಮ ಸಿದ್ದಮ್ಮ? ಇನ್ನೂ ಒಂಬತ್ತೂವರೆ. ಆಗ್ಲೇ ಗೇಟ್ ಎತ್ಬೇಕಾ?"

ಸೂಪರ್‌ವೈಸರ್ ಮನೋಹರ ಇದನ್ನು ಹತ್ತಿರ ಬಂದು ಮೆಲ್ಲಗೆ ಕೇಳಿದ್ದಲ್ಲ. ನಲವತ್ತು ಹೊಲಿಗೆ ಮಿಷಿನ್ನುಗಳ ಸದ್ದಿನ ಮೇಲೆ, ಆ ಕಡೆ ಬಟ್ಟೆ ಕತ್ತರಿಸುವ ಟೇಬಲ್ಲಿನ ಗಂಡಸರಿಗೂ ಕೇಳುವಂತೆ ಕೂಗಿದ. ಅವರು ಕತ್ತರಿ ನಿಲ್ಲಿಸಿ ನಕ್ಕರು. ಸಿದ್ದಮ್ಮ ಎದ್ದೂ ಏಳದ ಹಾಗೆ, ಅರ್ಧ ಬಗ್ಗಿ ನಿಂತುಕೊಂಡಿದ್ದಳು.

"ಸುಗರ್ ಐತೆ ಸಾರ್ ನಂಗೆ. ತಡ್ಕಳಾಕಾಗಾಕಿಲ್ಲ."

"ಒಸಿ ತಡ್ಕೊ. ಬಾತುಕೋಳಿ ಬರ್ಲಿ."

ಈ ಬಾತುಕೋಳಿಯ ವಿಷಯ ಮೊದಲೇ ಹೇಳಿಬಿಡಬೇಕು. ಹೆದ್ದಾರಿ ಅಗಲವಾದ ಮೇಲೆ ಚನ್ನಪಟ್ಟಣದ ಹೊರಗೆ ಎದ್ದು ನಿಂತ ಆ ಗಾರ್ಮೆಂಟ್ ಕಂಪನಿಯಲ್ಲಿ ಒಂದೊಂದು ಲೈನಿಗೆ ನಲವತ್ತು ಜನ ಹೆಂಗಸರು. ಕಕ್ಕಸಿಗೆ ಹೋಗಬೇಕಾದರೆ ಟೋಕನ್ ತೆಗೆದುಕೊಳ್ಳಬೇಕು. ಟೋಕನ್ ಲೈನಿಗೆ ಒಂದೇ. ಹೋದವಳು ವಾಪಸು ಬಂದು ಕೊಟ್ಟರೆ ಮಾತ್ರ ಮುಂದಿನವಳು ಏಳಬಹುದು. ಮೊದಮೊದಲು ತಗಡಿನ ಬಿಲ್ಲೆ ಇತ್ತು. ತಿಂಗಳಿಗೆ ಮೂರರ ಲೆಕ್ಕದಲ್ಲಿ ಅದು ಕಕ್ಕಸಿನ ತೂತಿಗೆ ಬಿದ್ದು ಮಾಯವಾಗತೊಡಗಿತು. ಮನೋಹರ ತಲೆ ಓಡಿಸಿದ. ಹೆದ್ದಾರಿ ಪಕ್ಕದ ಬೊಂಬೆ ಅಂಗಡಿಯಿಂದ ಒಂದು ಮರದ ಬಾತುಕೋಳಿ ತಂದ. ತೆಂಗಿನಕಾಯಿ ಗಾತ್ರ, ಅರಗಿನ ಹಳದಿ ಬಣ್ಣ, ಕೆಂಪು ಕೊಕ್ಕು. ಯಾವ ತೂತಿಗೂ ಇಳಿಯುವಂಥದ್ದಲ್ಲ. ಅದಕ್ಕೆ ಉದ್ದನೆಯ ದಾರ ಕಟ್ಟಿ, "ಕುತ್ತಿಗೆಗೆ ಹಾಕ್ಕೊಂಡೇ ಹೋಗ್ಬೇಕು, ಯಾರು ಹೋದ್ರು ಅಂತ ನಂಗೆ ದೂರದಿಂದ ಕಾಣ್ಬೇಕು" ಅಂದ. ನೋಟೀಸ್ ಬೋರ್ಡಿಗೂ ಬರೆಸಿ ಹಾಕಿದರು. ಮೂರು ಮಕ್ಕಳ ತಾಯಂದಿರು, ಸೊಸೆ ಬಂದವರು ಕೂಡ ಎದೆಯ ಮೇಲೆ ಬಾತುಕೋಳಿ ಕುಣಿಸಿಕೊಂಡು ಎರಡು ಸಾಲಿನ ಮಧ್ಯೆ ನಡೆದು ಹೋಗಬೇಕಾಯಿತು.

ಸಿದ್ದಮ್ಮನಿಗೆ ಮೂವತ್ತಾರು ವರ್ಷ. ಪ್ಯಾಂಟಿನ ಹಿಂದಿನ ಜೇಬು ಹೊಲಿಯುವುದು ಅವಳ ಕೆಲಸ. ಬರೀ ಬಲಗಡೆ ಜೇಬು. ಎಡಗಡೆಯದು ಪಕ್ಕದ ಮಿಷಿನ್ನಿನ ಮುನವ್ವರಾಗೆ. ಕಂಪನಿ ಕಟ್ಟಿದ ಜಾಗದಲ್ಲಿ ಮುಂಚೆ ಹಿಪ್ಪುನೇರಳೆ ತೋಟ ಇತ್ತು. ಅಲ್ಲಿ ಸಿದ್ದಮ್ಮ ಹತ್ತು ವರ್ಷ ಕೂಲಿಗೆ ಸೊಪ್ಪು ಕೊಯ್ದವಳು. ಆಗ ಬೇಕಾದಾಗ ನಾಲ್ಕು ಸಾಲು ಆಚೆ ಹೋಗಿ ಕೂತು ಎದ್ದು ಬರುತ್ತಿದ್ದಳು. ಅದೇ ನೆಲದಲ್ಲಿ ಈಗ ಬಾತುಕೋಳಿ ಅಪ್ಪಣೆ ಕೊಡಬೇಕು.

ಕೆಲಸ ಬಿಡುವಂತಿರಲಿಲ್ಲ. ಗಂಡ ನರಸಯ್ಯ ಕನಕಪುರದ ಕಡೆ ಬಂಡೆ ಕೋರೆಯಲ್ಲಿ ದೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡು, ಈಗ ಜಗುಲಿಯಿಂದ ಒಲೆತನಕ ಬರಲು ಎರಡು ಸಲ ಕೂರುತ್ತಿದ್ದ. ಮನೆ ನಡೆಯುವುದು ಬಲಗಡೆ ಜೇಬಿನ ಮೇಲೆ. ಆ ಜೇಬಿನ ಮೇಲೆ ಆಗಲೇ ಎರಡು ಮೆಮೋ ಬಿದ್ದಿತ್ತು. ಬಾತುಕೋಳಿ ಇಲ್ಲದೆ ಓಡಿಹೋಗಿದ್ದಕ್ಕೆ ಒಂದು. ಎರಡನೆಯದು, ಸೂಜಿ ಬೆರಳು ತೂರಿ ಬಿಳಿ ಜೇಬಿಗೆ ರಕ್ತ ಹತ್ತಿಸಿದ್ದಕ್ಕೆ. ಸುಗರಿನಿಂದ ಬೆರಳ ತುದಿ ಮರಗಟ್ಟಿ, ಸೂಜಿ ತೂರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. "ಸಿದ್ದಕ್ಕಾ, ನಿನ್ ಬೆರಳ್ನೂ ಸೇರ್ಸಿ ಹೊಲ್ದಿದೀಯಲ್ಲೇ!" ಅಂತ ಮುನವ್ವರಾ ಕಿರುಚಿದ ಮೇಲೇ ಅವಳು ಕೆಳಗೆ ನೋಡಿದ್ದು. ಮೂರನೇ ಮೆಮೋ ಬಂದರೆ ಗೇಟಿನಿಂದ ಹೊರಗೆ.

ಅದಕ್ಕೇ ಅವಳು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಆಫೀಸಿನ ಅನಂತರಾಜು ಹತ್ತಿರ ಹೋದದ್ದು. ಕಾರ್ಮಿಕರ ಕಷ್ಟಸುಖ ನೋಡಿಕೊಳ್ಳಲೆಂದೇ ಕಂಪನಿ ಇಟ್ಟುಕೊಂಡಿದ್ದ ಮನುಷ್ಯ. ಕಷ್ಟಸುಖವನ್ನು ಗಾಜಿನ ಕೋಣೆಯೊಳಗೆ, ಫ್ಯಾನಿನ ಕೆಳಗೆ ಕೂತು ನೋಡಿಕೊಳ್ಳುತ್ತಿದ್ದರು.

"ಸಕ್ಕರೆ ಕಾಯಿಲೆ ಅಂದ್ರೆ ಮೈಸೂರುಪಾಕು, ತುಪ್ಪ ತಿನ್ನೋರ ಕಾಯಿಲೆ ಕಣಮ್ಮ. ಮುದ್ದೆ ತಿನ್ನೋ ನಿಂಗೆ ಹೇಗೆ ಬಂತು?"

"ನಾನೂ ಡಾಕ್ಟ್ರುನ್ನ ಅದ್ನೇ ಕೇಳ್ದೆ ಸಾರ್. ಮೈಸೂರುಪಾಕು ಇನ್ನೊಬ್ರು ತಿಂದ್ಬುಟ್ಟು ಕಾಯ್ಲೆ ನಂಗೆ ಕಳ್ಸವ್ರೆ ಅನ್ಸುತ್ತೆ."

ಅನಂತರಾಜು ನಗಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದರು. "ಹೆಚ್ಚು ನೀರು ಕುಡಿಯಬೇಕು, ಪದೇ ಪದೇ ಮೂತ್ರಕ್ಕೆ ಬಿಡಬೇಕು ಅಂತ ಬರೆದಿದ್ದಾರೆ. ಪದೇ ಪದೇ ಅಂದ್ರೆ ಎಷ್ಟು?"

"ಬಂದಷ್ಟು ಸಲ ಸಾರ್."

"ಬಂದಷ್ಟು ಅಂತ ಕಂಪ್ಯೂಟರ್ ತಗೊಳಲ್ಲ. ಅದಕ್ಕೆ ನಂಬರ್ ಬೇಕು." ಅವರೇ ಒಂದು ಕೀಲಿ ಒತ್ತಿದರು. "ಎರಡು ಅಂತ ಹಾಕಿದೀನಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಮಿಕ್ಕಿದ್ದನ್ನ ಮನೇಲಿ ಇಟ್ಕೊ."

"ಮನೇಲಿ ಹೆಂಗ್ ಇಟ್ಕೊಳಾದು ಸಾರ್? ಅದು ನನ್ ಜೊತೇಲೇ ಬತ್ತದಲ್ಲ."

"ಒಂದ್ ನಿಮಿಷ ಇರಮ್ಮ," ಎಂದು ಅನಂತರಾಜು ಎದ್ದು, ಕುರ್ಚಿಯ ಹಿಂದೆಯೇ ಇದ್ದ ಸಣ್ಣ ಬಾಗಿಲು ತೆಗೆದು ಒಳಗೆ ಹೋದರು. ಸಿದ್ದಮ್ಮ ನಿಂತು ಕೇಳಿಸಿಕೊಂಡಳು. ನೀರು ಭರ್ರೆಂದು ಸುರಿದ ಸದ್ದು, ಆಮೇಲೆ ನಲ್ಲಿಯ ಸದ್ದು, ಆಮೇಲೆ ಅವರ ಸಣ್ಣ ಶಿಳ್ಳೆ. ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಕುತ್ತಿಗೆಯಲ್ಲಿ ಟೈ ಇತ್ತು, ಬಾತುಕೋಳಿ ಇರಲಿಲ್ಲ.

"ಹೂಂ, ಏನೋ ಹೇಳ್ತಿದ್ಯಲ್ಲ?"

"ಏನಿಲ್ಲ ಬುಡಿ ಸಾರ್," ಅಂದಳು ಸಿದ್ದಮ್ಮ.

ಅವತ್ತಿನಿಂದ ಅವಳು ಬೆಳಗಿನ ಐದು ಗಂಟೆಯ ಮೇಲೆ ನೀರು ಮುಟ್ಟುವುದನ್ನೇ ಬಿಟ್ಟಳು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ಅಂಗಾಲು ಉರಿಯುತ್ತಿತ್ತು, ಹನ್ನೊಂದರ ಹೊತ್ತಿಗೆ ಎದುರಿನ ಮಿಷಿನ್ನು ಎರಡಾಗಿ ಕಾಣುತ್ತಿತ್ತು. ಆದರೂ ಹೊಟ್ಟೆಯೊಳಗಿನ ಡ್ಯಾಮು ಮನೋಹರನ ಮಾತು ಕೇಳಲಿಲ್ಲ.

ಒಂದು ಶನಿವಾರ ಅದು ನಿಲ್ಲಲೇ ಇಲ್ಲ.

ಮಧ್ಯಾಹ್ನ ನಾಲ್ಕು ಗಂಟೆ. ಬಾತುಕೋಳಿ ಹಾಕಿಕೊಂಡು ಹೋದ ಹೊಸ ಹುಡುಗಿ ನವ್ಯಶ್ರೀ ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ರಾತ್ರಿಯೆಲ್ಲ ಜ್ವರ ಬಂದಿದ್ದವಳು ಅಲ್ಲೇ ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಸಿದ್ದಮ್ಮ ಕಾಲ ಮೇಲೆ ಕಾಲು ಹಾಕಿದಳು, ತೆಗೆದಳು, ದೇವರನ್ನು ನೆನೆದಳು, ಮನೋಹರನ ವಂಶವನ್ನು ನೆನೆದಳು.

"ಸಾರ್, ಕೈ ಮುಗೀತೀನಿ ಸಾರ್."

"ಒಸಿ ತಡ್ಕೊ ಅಂದ್ನಲ್ಲ! ಇನ್ನೂ ಹನ್ನೆರಡು ಜೇಬು ಬಾಕಿ ಐತೆ."

ಹನ್ನೆರಡರಲ್ಲಿ ಮೂರು ಆಯಿತು. ನಾಲ್ಕನೆಯದಕ್ಕೆ ಸೂಜಿ ಇಳಿಸುವಾಗ ಅವಳ ಸೀರೆ ಬೆಚ್ಚಗಾಯಿತು. ಕೈ ಮಾತ್ರ ಹೊಲಿಯುತ್ತಲೇ ಇತ್ತು. ಸ್ಟೂಲಿನ ಕಾಲಿನ ಗುಂಟ ಇಳಿದ ನೀರು ಎರಡು ಸಾಲಿನ ನಡುವಿನ ದಾರಿಗೆ ಸಣ್ಣ ಹಾವಿನಂತೆ ಹೊರಟಿತು. ಅದು ಮನೋಹರನ ಬೂಟಿನ ಕಡೆಗೇ ಹೊರಟಿತ್ತು ಅನ್ನುವುದನ್ನು ಮುನವ್ವರಾ ನೋಡಿದಳು. ತನ್ನ ಎರಡು ಲೀಟರಿನ ಬಾಟಲಿಯ ಮುಚ್ಚಳ ತಿರುಗಿಸಿ, ಅಷ್ಟನ್ನೂ ಸಿದ್ದಮ್ಮನ ತೊಡೆಯ ಮೇಲೆ ಬಗ್ಗಿಸಿಬಿಟ್ಟಳು.

"ಅಯ್ಯೋ ಅಲ್ಲಾ! ಕೈ ಜಾರೋಯ್ತು! ಸಿದ್ದಕ್ಕಾ, ಮಾಫ್ ಮಾಡು!"

ಹಾವು ಕೆರೆಯಾಯಿತು. ಯಾವುದು ಯಾರ ನೀರು ಅನ್ನುವುದು ಅವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯಲಿಲ್ಲ.

"ಥೂ ನಿಮ್ಮ ಮುಂಡೇವಾ! ಜೇಬೆಲ್ಲ ನೆಂದೋಯ್ತಲ್ಲೇ!" ಮನೋಹರ ಕುಣಿದಾಡಿದ. ಮುನವ್ವರಾ ಹೆಸರಿಗೆ ಅವಳ ಬಾಳಿನ ಮೊದಲ ಮೆಮೋ ಬರೆದ. ಸಿದ್ದಮ್ಮನ ಕಡೆ ತಿರುಗಿ, "ಸೋಮವಾರದಿಂದ ಬಾತುಕೋಳಿ ಇಲ್ದೆ ಒಂದೇ ಒಂದ್ ಸಲ ಎದ್ದೆ ಅಂದ್ರೆ ಮೂರನೇ ಮೆಮೋ. ಹಂಗೇ ಮನೆಗೆ," ಅಂದ. ಅಷ್ಟರಲ್ಲಿ ಕಣ್ಣುಜ್ಜಿಕೊಂಡು ಬಂದ ನವ್ಯಶ್ರೀಯ ಕುತ್ತಿಗೆಯಿಂದ ಬಾತುಕೋಳಿ ಕಿತ್ತು ಮುನವ್ವರಾಳ ಕುತ್ತಿಗೆಗೆ ಹಾಕಿ, "ಒರಸೋ ಬಟ್ಟೆ ತಗೊಂಡ್ ಬಾ, ಹೋಗು!" ಎಂದು ಓಡಿಸಿದ.

ನೆಲ ಒರೆಸಿ, ಜೇಬು ಹಿಂಡಿ ಒಣಗಿಸಿ ಮುಗಿಸುವಾಗ ಗಂಟೆ ಹೊಡೆಯಿತು. ಆ ಗಡಿಬಿಡಿಯಲ್ಲಿ ಮುನವ್ವರಾ ಬಾತುಕೋಳಿಯ ಮೇಲೆಯೇ ಬುರ್ಖಾ ಹಾಕಿಕೊಂಡಳು. ಹಾಲೆ ಮರದ ಬೊಂಬೆ, ಹೂವಿನಷ್ಟು ಹಗುರ, ನೆನಪೇ ಆಗಲಿಲ್ಲ. ಗೇಟಿನಲ್ಲಿ ಬಟ್ಟೆ ಕದ್ದಿದ್ದಾರಾ ಅಂತ ಮೈ ತಡವಿ ನೋಡುವ ಮುನಿಯಮ್ಮ ಅವಳ ಉಬ್ಬಿದ ಹೊಟ್ಟೆ ನೋಡಿ ಕೈ ಹಿಂದಕ್ಕೆ ತೆಗೆದಳು.

"ಎಷ್ಟು ತಿಂಗ್ಳಾಯ್ತವ್ವ?"

ಕೆಲಸಕ್ಕೆ ಸೇರಿ ಎಷ್ಟಾಯಿತು ಅಂತ ಕೇಳುತ್ತಿದ್ದಾಳೆ ಅಂದುಕೊಂಡ ಮುನವ್ವರಾ, "ಹದಿನಾಲ್ಕು," ಅಂದಳು.

ಮುನಿಯಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ.

ಹದಿನಾಲ್ಕು ತಿಂಗಳ ಲೆಕ್ಕ ಮುನವ್ವರಾಗೆ ಬಾಯಿಪಾಠ ಇದ್ದದ್ದಕ್ಕೆ ಕಾರಣ ಅವಳ ಗಂಡ ಜಬ್ಬಾರ್. ಊರಿನಲ್ಲಿ ಬೊಂಬೆ ಕಡೆಯುವವರು ನೂರಾರು ಜನ ಇದ್ದರು. ಜಬ್ಬಾರನ ಕೈ ಬೇರೆ ಅನ್ನುತ್ತಿದ್ದರು. ಚೀನಾದ ಪ್ಲಾಸ್ಟಿಕ್ ಬೊಂಬೆ ಬಂದು ಆರ್ಡರು ನಿಂತ ಮೇಲೆ ಅವನೂ ನಿಂತ. ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ತಿರುಗಲೇ ಇಲ್ಲ. ಊಟ ಬೇಡ, ಸ್ನಾನ ಬೇಡ, ಮಾತು ಬೇಡ. ಓಣಿಯವರು ಸೋಮಾರಿ ಅಂದರು. ಅವನ ತಾಯಿ ರೋಶನ್ ಬೀ ತಾಯಿತ ಕಟ್ಟಿಸಿದಳು. ಬೆಂಗಳೂರಿನ ದೊಡ್ಡಾಸ್ಪತ್ರೆಯವರು ಇದು ಮನಸ್ಸಿನ ಕಾಯಿಲೆ, ಸೋಮಾರಿತನ ಅಲ್ಲ ಎಂದು ಮಾತ್ರೆ ಕೊಟ್ಟರು. ಮಾತ್ರೆಯಿಂದ ಅವನು ಎದ್ದು ಕೂರುವಷ್ಟಾದ. ಬೊಂಬೆ ಕಡೆಯುವ ಲೇತ್ ಮಿಷಿನ್ನಿನ ಮೇಲೆ ಗೋಣಿಚೀಲ ಹೊದಿಸಿತ್ತು. ಮುನವ್ವರಾ ಕಂಪನಿ ಸೇರಿದಳು.

ಆ ಸಂಜೆ ಒದ್ದೆ ಸೀರೆಯಲ್ಲಿ ಬಸ್ಸು ಹತ್ತಲಾರದೆ ಸಿದ್ದಮ್ಮ ಅವಳ ಮನೆಗೆ ಬಂದಳು. ಮುನವ್ವರಾ ಬುರ್ಖಾ ತೆಗೆದಳು. ಬಾತುಕೋಳಿ ಇಬ್ಬರನ್ನೂ ನೋಡಿತು.

"ಹಾಳಾಗೋಯ್ತು!" ಮುನವ್ವರಾ ಕುಸಿದು ಕೂತಳು. "ಕಂಪನಿ ಮಾಲು ಕದ್ಬುಟ್ಟೆ ಸಿದ್ದಕ್ಕ. ಪೊಲೀಸ್ನೋರು ಬತ್ತಾರೆ."

"ಬಾತುಕೋಳಿಗೆ ಪೊಲೀಸ್ನೋರು ಬಂದಾರಾ? ಸುಮ್ಕಿರಮ್ಮಿ."

"ಆ ಮನೋಹರ ನನ್ಮಗ ಕರ್ಕೊಂಡು ಬತ್ತಾನೆ ಕಣಕ್ಕ! ಸೋಮವಾರ ಇದು ಇಲ್ಲಾಂದ್ರೆ ಯಾರ್ನೂ ಏಳ್ಸಾಕಿಲ್ಲ ಅವ್ನು. ನಿನ್ ಗತಿ ಏನು?"

ಗೋಡೆಯ ಕಡೆ ಇದ್ದ ಮುಖ ಸ್ವಲ್ಪ ತಿರುಗಿತು. "ಎಲ್ಲಿ, ತೋರ್ಸು," ಅಂದ ಜಬ್ಬಾರ್.

ಅವನು ತಾನಾಗಿ ಒಂದು ಮಾತು ಆಡಿ ಎರಡು ವಾರವಾಗಿತ್ತು. ಮುನವ್ವರಾ ಬಾತುಕೋಳಿಯನ್ನು ಅವನ ಕೈಗೆ ಕೊಟ್ಟಳು. ಅವನು ಮಲಗಿದಂತೆಯೇ ಅದರ ಕೊಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ನಂದು."

"ನಿಮ್ದಾ?"

"ಕೊಕ್ಕಿನ ಹತ್ರ ಅರಗು ಎರಡು ಸಲ ಹಿಡೀತೀನಿ ನಾನು. ಯಾರೂ ಹಿಡಿಯಲ್ಲ. ಇದ್ಕೆ ಯಾಕೆ ನೇಣು ಹಾಕಿದಾರೆ?"

ಸಿದ್ದಮ್ಮ ಹೇಳಿದಳು. ತಗಡಿನ ಬಿಲ್ಲೆಯಿಂದ ಶುರುಮಾಡಿ ಇವತ್ತಿನ ಕೆರೆಯತನಕ ಒಂದೂ ಬಿಡದೆ, ಮನೋಹರನ ಕುಣಿತವನ್ನು ಎದ್ದು ಕುಣಿದೇ ತೋರಿಸಿದಳು. ಜಬ್ಬಾರ್ ಬಾತುಕೋಳಿಯನ್ನು ಎದೆಯ ಮೇಲೆ ಇಟ್ಟುಕೊಂಡ.

"ನನ್ ಬಾತುಕೋಳೀನ ಕಕ್ಕಸಿಗೆ ಕಳಿಸ್ತಾರಾ?"

"ದಿನಕ್ಕೆ ಎಂಬತ್ತು ಸಲ ಕಣ್ ಜಬ್ಬಾರಣ್ಣ. ಅದ್ರಷ್ಟು ನಾವು ಯಾರೂ ಹೋಗಿಲ್ಲ."

ಅವನ ಗಂಟಲಿನಿಂದ ಏನೋ ಸದ್ದು ಬಂತು. ಕೆಮ್ಮೋ ಬಿಕ್ಕಳಿಕೆಯೋ ಅಂತ ಮುನವ್ವರಾ ನೀರು ತರಲು ಎದ್ದಳು. ಅದು ನಗು. ನಗು ನಿಲ್ಲಿಸಲು ಆಗದೆ ಅವನು ಎದ್ದು ಕೂತ. ಕಣ್ಣು ಒರೆಸಿಕೊಂಡು, "ನಲವತ್ತು ಜನಕ್ಕೆ ಒಂದು?" ಅಂದ.

"ಒಂದು."

"ಅಟ್ಟದ ಮೇಲೆ ಮರ ಇದೆಯಾ ನೋಡು, ಮುನವ್ವರಾ."

ಶನಿವಾರ ಸಂಜೆ, ಭಾನುವಾರ ಇಡೀ ದಿನ, ಕರೆಂಟು ಇದ್ದಷ್ಟು ಹೊತ್ತು ಲೇತು ತಿರುಗಿತು. ಸಿದ್ದಮ್ಮ ಭಾನುವಾರ ಬಂದು ತಲೆ ಅಂಟಿಸಿದಳು, ಮುನವ್ವರಾ ದಾರ ಕಟ್ಟಿದಳು. ಜಬ್ಬಾರ್ ತಿರುಗುವ ಮರಕ್ಕೆ ಉಳಿ ತಾಗಿಸಿ ತಾಗಿಸಿ ಬಾತುಕೋಳಿ ಹೊರಗೆ ತೆಗೆಯುತ್ತಿದ್ದ. ಇಪ್ಪತ್ತಾರು ಆಯಿತು. ಇಪ್ಪತ್ತೇಳನೆಯದರ ಮೈ ಮಾತ್ರ ಆಗಿತ್ತು, ಅವನು ಉಳಿ ಕೆಳಗಿಟ್ಟು, "ಆಗ್ತಿಲ್ಲ," ಅಂದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಮುನವ್ವರಾ ಎಬ್ಬಿಸಲಿಲ್ಲ. ಲೇತಿನ ಮೇಲೆ ಗೋಣಿಚೀಲವನ್ನೂ ಹೊದಿಸಲಿಲ್ಲ. ಕೊನೆಯ ನಾಲ್ಕಕ್ಕೆ ಕಣ್ಣು ಇಡುವುದು ಬಾಕಿ ಇತ್ತು. ಹಾಗೇ ಇರಲಿ ಅಂದಳು.

ಬಾತುಕೋಳಿ ಸಿಗದವರಿಗೆ ಅಂತ ಅಟ್ಟದ ಹಳೇ ಮಾಲು ಇಳಿಸಿದರು. ಗಿಳಿ, ಗಿಲಕಿ, ಬುಗುರಿ, ತಲೆ ಅಲ್ಲಾಡಿಸುವ ತಾತ, ಒಂದು ಆನೆ.

ಸೋಮವಾರ ಬೆಳಗ್ಗೆ ಎಂಟಕ್ಕೆ ಹೆದ್ದಾರಿ ಪಕ್ಕ, ಟೆಂಪೋಗಳು ಹೆಂಗಸರನ್ನು ಇಳಿಸುವ ಕಡೆ, ಸಿದ್ದಮ್ಮ, ಮುನವ್ವರಾ ಇಬ್ಬರೂ ಯೂರಿಯಾ ಚೀಲ ಬಿಚ್ಚಿಕೊಂಡು ನಿಂತರು. ಕೆಲವರು ನಕ್ಕರು, ಕೆಲವರು ಹೆದರಿದರು. ಲೈನಿಗೆಲ್ಲ ಹಿರಿಯಳಾದ ಶಿವಲಿಂಗಮ್ಮ ಹತ್ತಿರ ಬಂದು ಚೀಲದೊಳಗೆ ಇಣುಕಿದಳು.

"ನಾನು ಜೋರಾಗಿ ಒಂದ್ಸಲ ಸೀನುದ್ರೆ ಮುಗೀತು ಕಣವ್ವ. ಮೂರು ಹೆರಿಗೆ ಆದ ಮೇಲೆ ಹಿಂಗೇಯ. ಸೀನು ಬಂದಾಗೆಲ್ಲ ಮೂಗು ಹಿಡ್ಕೊಂಡು ಹೊಲೀತಿವ್ನಿ. ಯಾರ್ತಾವ ಹೇಳಾದು? ತತ್ತಾ ಒಂದ."

ಅವಳು ಹೇಳಿದ ಮೇಲೆ ಒಬ್ಬೊಬ್ಬರೂ ಹೇಳತೊಡಗಿದರು. ಒಬ್ಬಳಿಗೆ ಕಿಡ್ನಿ ಕಲ್ಲು. ಒಬ್ಬಳಿಗೆ ಉರಿಮೂತ್ರ. ನವ್ಯಶ್ರೀಗೆ ಮನೋಹರ ಕೂಗಿದರೆ ಎದೆ ಡವಡವ ಹೊಡೆದು ಉಸಿರು ಸಿಕ್ಕಿಕೊಳ್ಳುತ್ತಿತ್ತಂತೆ. ಅವಳು ಕಕ್ಕಸಿಗೆ ಹೋಗುತ್ತಿದ್ದದ್ದು ಬಾಗಿಲು ಹಾಕಿಕೊಂಡು ಉಸಿರಾಡಲು. ತಿಂಗಳುಗಟ್ಟಲೆ ಪಕ್ಕಪಕ್ಕ ಕೂತವರು ಇದನ್ನೆಲ್ಲ ರಸ್ತೆ ಬದಿಯಲ್ಲಿ ಐದು ನಿಮಿಷದಲ್ಲಿ ಹೇಳಿಕೊಂಡರು. ಚೀಲ ಖಾಲಿಯಾಯಿತು. ಗೇಟಿನಲ್ಲಿ ಮುನಿಯಮ್ಮ ತಡವುವುದು ಹೊರಗೆ ಹೋಗುವವರನ್ನು ಮಾತ್ರ.

ಒಳಗೆ ಮನೋಹರ ಮೇಜಿನ ಖಾನೆಗಳನ್ನೆಲ್ಲ ಕೆಡವಿ ಹಾಕಿದ್ದ.

"ಯಾವ್ ಮುಂಡೇದೇ ಬಾತುಕೋಳಿ ಎತ್ತಾಕೊಂಡೋಗಿರಾದು? ಸರಿ. ಇವತ್ತು ಬಾತುಕೋಳಿ ಇಲ್ಲ. ಸಂಜೆಗಂಟ ಯಾರೂ ಏಳಂಗಿಲ್ಲ!"

ಸಿದ್ದಮ್ಮ ಬಾಟಲಿ ತೆಗೆದಳು. ಎರಡು ತಿಂಗಳಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ನೀರು ಕುಡಿದಳು. ಗಟಗಟ ಅಂತ ತಳ ಕಾಣುವ ತನಕ ಕುಡಿದು, ಬಾಯಿ ಒರೆಸಿಕೊಂಡು ಎದ್ದಳು.

"ಸಿದ್ದಮ್ಮಾ! ಮೂರನೇ ಮೆಮೋ!"

ಅವಳು ಊಟದ ಚೀಲಕ್ಕೆ ಕೈ ಹಾಕಿ ಬಾತುಕೋಳಿ ತೆಗೆದು ಕುತ್ತಿಗೆಗೆ ಹಾಕಿಕೊಂಡಳು. "ಐತಲ್ಲ ಸಾರ್."

"ಓಹೋ! ನೀನೇನಾ ಕಳ್ಳಿ!"

"ನನ್ ಹತ್ರಾನೂ ಐತೆ ಸಾರ್," ಮುನವ್ವರಾ ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ನವ್ಯಶ್ರೀ, ಕಣ್ಣಿಲ್ಲದ ಬಾತುಕೋಳಿಯೊಂದಿಗೆ. ಮಿಷಿನ್ನುಗಳು ಒಂದೊಂದಾಗಿ ನಿಂತವು. ಪ್ಯಾಂಟುಗಳು ಜೇಬಿಲ್ಲದೆ ಬಿದ್ದುಕೊಂಡವು. ಕತ್ತರಿ ಟೇಬಲ್ಲಿನ ಗಂಡಸರು ಮತ್ತೆ ನಗಲು ಬಾಯಿ ತೆರೆದು, ಯಾರನ್ನು ನೋಡಿ ನಗಬೇಕೆಂದು ತಿಳಿಯದೆ ಮನೋಹರನನ್ನು ನೋಡಿದರು.

ಅನಂತರಾಜು ಗಾಜಿನ ಕೋಣೆಯಿಂದ ಇಳಿದು ಬಂದರು. "ಏನಿದು ಜಾತ್ರೆ? ಇದರಲ್ಲಿ ಕಂಪನಿ ಬಾತುಕೋಳಿ ಯಾವುದು?"

ಮನೋಹರ ಒಬ್ಬೊಬ್ಬರ ಎದುರು ಬಗ್ಗಿ ಕೊಕ್ಕು ಪರೀಕ್ಷೆ ಮಾಡಿದ. "ಎಲ್ಲಾ ಒಂದೇ ಥರ ಅವೆ ಸಾರ್."

"ಎಲ್ಲಾ ಒಂದೇ ಕೈಯಲ್ಲಿ ಹುಟ್ಟಿದ್ದು ಸಾರ್," ಅಂದಳು ಮುನವ್ವರಾ. "ಸೊಂತ ಅಣ್ಣತಮ್ಮಂದಿರು."

"ಬೋರ್ಡ್ ನೋಡಿ ಸಾರ್," ಅಂದಳು ಸಿದ್ದಮ್ಮ. "ಕುತ್ತಿಗೆಯಲ್ಲಿ ಬಾತುಕೋಳಿ ಇದ್ದವರು ಮಾತ್ರ ಹೋಗತಕ್ಕದ್ದು ಅಂತ ನೀವೇ ಬರ್ಸೀರಿ. ಎಷ್ಟು ಬಾತುಕೋಳಿ ಅಂತ ನಂಬರ್ ಹಾಕಿಲ್ಲ."

"ಮತ್ತೆ ಇದೇನು?" ಅನಂತರಾಜು ಬೆರಳು ತೋರಿಸಿದ್ದು ಶಿವಲಿಂಗಮ್ಮನ ಎದೆಯ ಕಡೆ.

"ನಂದು ಆನೆ ಸಾರ್. ಒಸಿ ಜಾಸ್ತಿ ಹೊತ್ತಾಯ್ತದೆ."

ನಗು ನಾಲ್ಕನೇ ಲೈನು ದಾಟಿ ಐದಕ್ಕೆ ಹೋಯಿತು. ಅಲ್ಲಿಂದ ಆರಕ್ಕೆ. ಶಿವಲಿಂಗಮ್ಮ ನಕ್ಕು ನಕ್ಕು ಸೀನಿದಳು, "ಅಯ್ಯೋ ಹೋಯ್ತು" ಅಂದಳು, ಅದಕ್ಕೂ ನಕ್ಕಳು.

"ಬರೀರಿ ಮನೋಹರ್! ನಲವತ್ತು ಜನಕ್ಕೂ ಮೆಮೋ ಬರೀರಿ!"

"ಪುಸ್ತಕದಲ್ಲಿ ಆರೇ ಹಾಳೆ ಉಳಿದೈತೆ ಸಾರ್."

ಅಷ್ಟು ಹೊತ್ತಿಗೆ ಸಿದ್ದಮ್ಮ ಮೂರು ಕಕ್ಕಸುಗಳಲ್ಲಿ ಅಗುಳಿ ಸರಿಯಿದ್ದ ಒಂದರೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಹೊರಗೆ ಸಾಲು ಬೆಳೆಯಿತು. ಸಾಲನ್ನು ತಳ್ಳಿಕೊಂಡು ಬಂದ ಅನಂತರಾಜು ಬಾಗಿಲು ದಬದಬ ಬಡಿದರು.

"ಸಿದ್ದಮ್ಮ! ಲೈನ್ ನಿಂತಿದೆ, ಮಾಲು ಇವತ್ತೇ ಲಾರಿ ಹತ್ತಬೇಕು! ಎರಡು ನಿಮಿಷದಲ್ಲಿ ಹೊರಗೆ ಬರ್ಲಿಲ್ಲ ಅಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ!"

"ಒಸಿ ತಡ್ಕೊಳಿ ಸಾರ್," ಅಂದಳು ಸಿದ್ದಮ್ಮ ಒಳಗಿನಿಂದ.

ಅವಳು ಕುತ್ತಿಗೆಯಿಂದ ಬಾತುಕೋಳಿ ತೆಗೆದು ಗೋಡೆಯ ಮೊಳೆಗೆ ನೇತುಹಾಕಿ ಕೂತಳು. ಬಾಗಿಲು ಬಡಿದ ಬಡಿತಕ್ಕೆ ಅದು ದಾರದಲ್ಲಿ ಒಂದು ಸುತ್ತು ತಿರುಗಿತು, ಇನ್ನರ್ಧ ಸುತ್ತು ತಿರುಗಿತು, ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ಸುಮ್ಮನೆ ನಿಂತಿತು.